ಒಂದೇ ನಂಬರಿನ ಹದಿನೈದು ಮನೆ

ಕಂಪ್ಯೂಟರಿಗೆ ಎಂಬತ್ತಾರು ಮನೆ ಹಾಕಿದರೆ ಎಪ್ಪತ್ತೊಂದೇ ಬಂದವು. ಮಿಕ್ಕ ಹದಿನೈದು ಎಲ್ಲಿ ಹೋದವು ಎಂದು ನಾನು ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಮೂರು ಸಲ ಎಣಿಸಿದೆ. ಮನೆ ಎಂದರೆ ಇಟ್ಟಿಗೆ ಸಿಮೆಂಟಿನ ಮನೆ ಸ್ವಾಮಿ. ಚೀಲದ ತೂತಿನಿಂದ ಉದುರಿಹೋಗಲು ಅದೇನು ರಾಗಿಯೇ?

ನನ್ನ ಹೆಸರು ಇಂದುಧರ. ಹಳೇಬೀಡು ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್, ಪಹಣಿ, ಆಧಾರ್ ಅರ್ಜಿ, ಲಗ್ನಪತ್ರಿಕೆ ಎಂದು ಹದಿನೆಂಟು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ನಿಮಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಹೆಂಡತಿ ಹೇಳುತ್ತಾಳೆ. ದಿನಕ್ಕೆ ಇಪ್ಪತ್ತು ಜನರಿಗೆ ‘ಓಟಿಪಿ ಬಂತಾ, ಓಟಿಪಿ ಹೇಳಿ’ ಎಂದು ಕೂಗಿ ನೋಡಲಿ, ಅವಳ ಸಿಟ್ಟು ಎಲ್ಲಿಗೆ ಬರುತ್ತದೆ ಎಂದು ನಾನೂ ನೋಡುತ್ತೇನೆ. ಸಿಟ್ಟಿನ ಜೊತೆಗೆ ಇನ್ನೊಂದು ಕಾಯಿಲೆಯೂ ಉಂಟು. ಲೆಕ್ಕ ತಾಳೆಯಾಗದಿದ್ದರೆ ನನಗೆ ಊಟ ಇಳಿಯುವುದಿಲ್ಲ.

ಮಾದಿಹಳ್ಳಿ ರಸ್ತೆಯಲ್ಲಿ ಕೋಡಿಬಯಲು ಬಡಾವಣೆ ಎಂದು ಒಂದಿದೆ. ಅಲ್ಲಿನ ನಿವಾಸಿಗಳ ಸಂಘಕ್ಕೆ ಸ್ವಂತ ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕು, ಒಂದು ಪುಟ್ಟ ಸಭಾಭವನ ಎಲ್ಲ ಇದೆ. ಅಧ್ಯಕ್ಷರು ಮೋಹನ್‌ಕುಮಾರ್. ಸರ್ಕಾರಿ ಕಚೇರಿಯಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದರೂ ಮೇಜು ಬಡಿಯುವ ಅಭ್ಯಾಸ ಬಿಟ್ಟವರಲ್ಲ. ಹಾಸನದ ನೆಂಟರ ಅಪಾರ್ಟ್‌ಮೆಂಟಿನಲ್ಲಿ ಯಾವುದೋ ಸಾಫ್ಟ್‌ವೇರ್ ನೋಡಿ ಬಂದು, ನಮಗೂ ಅದೇ ಬೇಕು ಎಂದು ಹಟ ಹಿಡಿದು ತರಿಸಿದ್ದರು. ನೀರಿನ ಸರದಿ, ಸಭೆ, ನೋಟೀಸು ಎಲ್ಲವೂ ಇನ್ನು ಮುಂದೆ ನೇರವಾಗಿ ಮನೆಯವರ ಫೋನಿಗೇ ಹೋಗುತ್ತದೆ. ಸಂಘದ ನಾಲ್ಕು ರಿಜಿಸ್ಟರಿನಲ್ಲಿದ್ದದ್ದನ್ನು ಅದರೊಳಕ್ಕೆ ಸಾಗಿಸುವ ಕೆಲಸ ನನ್ನದು.

ಹದಿನೈದು ಮನೆ ಕಾಣೆಯಾದ ದಿನ ಕಂಪನಿಯವರಿಗೆ ಫೋನ್ ಮಾಡಿದೆ. “ಒಂದು ಮೊಬೈಲ್ ನಂಬರಿಗೆ ಒಂದೇ ಮನೆ ಸಾರ್. ಒಂದೇ ನಂಬರ್ ಎರಡು ಕಡೆ ಇದ್ದರೆ ಸಿಸ್ಟಮ್ಮು ಸೇರಿಸಿಬಿಡುತ್ತೆ. ನಿಮ್ಮ ಡೇಟಾದಲ್ಲೇ ತಪ್ಪಿದೆ” ಎಂದಿತು ಆ ಕಡೆಯ ಹುಡುಗಿ. ಡೇಟಾ ತಪ್ಪಿರಬಹುದು, ನಮ್ಮೂರೇ ತಪ್ಪೇನಮ್ಮ ಎಂದು ರೇಗಿ ಫೋನಿಟ್ಟೆ. ಆಮೇಲೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದರೆ ಎಪ್ಪತ್ತೊಂದು ಮನೆ ಮುಗಿದ ಮೇಲೆ, ಮನೆಯಲ್ಲವೆಂದು ನಾನು ಎಣಿಸದೆ ಬಿಟ್ಟಿದ್ದ ಕೊನೆಯ ಸಾಲಿನಲ್ಲಿತ್ತು ನಮ್ಮ ನಿಧಿ. ‘ಗಿಡ್ಡಮ್ಮ, ಪಂಪ್‌ಮನೆ’ ಎಂಬ ಹೆಸರು, ಅದರ ಪಕ್ಕದಲ್ಲಿ ಸಾಲಾಗಿ ಹದಿನೈದು ಸೈಟಿನ ನಂಬರು. ಕಂಪ್ಯೂಟರಿನ ಪ್ರಕಾರ ಕೋಡಿಬಯಲಿನಲ್ಲಿ ಅವಳಷ್ಟು ಆಸ್ತಿ ಇನ್ನಾರಿಗೂ ಇರಲಿಲ್ಲ.

ಗಿಡ್ಡಮ್ಮನಿಗೆ ಅಲ್ಲಿ ಅಂಗೈಯಗಲ ನೆಲವೂ ಇಲ್ಲ. ಕೆರೆಗೆ ನೀರುಗಂಟಿ ಇರುವ ಹಾಗೆ ಆ ಬಡಾವಣೆಗೆ ಅವಳು. ವಾಲ್ವ್ ತಿರುಗಿಸಿ ಬೀದಿಬೀದಿಗೆ ಸರದಿಯಂತೆ ನೀರು ಬಿಡುವವಳು, ಮೋಟರಿನ ಪಕ್ಕದ ಒಂದು ಕೋಣೆಯಲ್ಲಿ ವಾಸ. ರಿಜಿಸ್ಟರುಗಳನ್ನು ತೆಗೆದು ನೋಡಿದೆ. ಹದಿನೈದು ಮನೆಯವರೂ ಫೋನ್ ನಂಬರಿನ ಜಾಗದಲ್ಲಿ ಬರೆಸಿದ್ದದ್ದು ಅವಳ ನಂಬರನ್ನೇ. ಯಾಕೆ? ಹದಿನೈದು ಮನೆಯಲ್ಲಿ ಒಂದರಲ್ಲೂ ಫೋನಿಲ್ಲ ಎಂದರೆ ಈ ಕಾಲದಲ್ಲಿ ಕೇಳಿದವರು ನಗುತ್ತಾರೆ. ನನಗೆ ತಲೆಯೊಳಗೆ ಹುಳ ಬಿಟ್ಟಂತಾಯಿತು.

ಮೋಹನ್‌ಕುಮಾರರ ಮನೆಗೆ ಹೋಗಿ ಹೇಳಿದೆ. ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಗಂಭೀರವಾದರು.

“ಹದಿನೈದು ಮನೇದೂ ಸರಿಯಾದ ನಂಬರ್ ತಗೊಂಡು ಬಾ ಇಂದುಧರ. ಮುಂದಿನ ತಿಂಗಳು ಹೊಸ ಪ್ಯಾನಲ್ ಬರುತ್ತೆ, ನೀರು ತಾನಾಗೇ ಬಿಟ್ಕೊಳ್ಳುತ್ತೆ. ಎಂಬತ್ತಾರು ನಂಬರೂ ಒಳಗೆ ಬಂದರೆ ಸುದ್ದೀನೂ ತಾನಾಗೇ ಹೋಗುತ್ತೆ. ಆಮೇಲೆ ಗಿಡ್ಡಮ್ಮನ್ನ ಇಟ್ಕೊಂಡು ಏನು ಮಾಡೋದು? ಆ ಕೋಣೆ ಖಾಲಿ ಮಾಡಿಸಿ ಸಂಘದ ಆಫೀಸ್ ಮಾಡೋಣ.”

ಇದನ್ನು ಹೇಳುವಾಗ ಗಿಡ್ಡಮ್ಮ ವಾಲ್ವಿನ ಕೀಲಿ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಹೆಸರಿಗೆ ತಕ್ಕ ಎತ್ತರ. ನನಗೆ ನಾಚಿಕೆಯಾಯಿತು. ಅವರಿಗೆ ಆಗಲಿಲ್ಲ.

“ಗಿಡ್ಡಮ್ಮ, ಇವರ ಜೊತೆ ಹೋಗಿ ಆ ಮನೆಗಳನ್ನ ತೋರಿಸು. ಹಂಗೇ ಆ ಕೆಂಚಪ್ಪಂಗೆ ಹೇಳು, ಇನ್ನೊಂದು ಸಲ ಹಸೂನ ರಸ್ತೆಗೆ ಕಟ್ಟಿದ್ರೆ ದೊಡ್ಡಿಗೆ ಹೊಡಿಸ್ತೀನಿ ಅಂತ. ಇದೇ ಮಾತಲ್ಲಿ ಹೇಳು!”

“ಆಗ್ಲಿ ಸಾರ್, ಹೇಳ್ತೀನಿ” ಎಂದಳು.

ಕೆಂಚಪ್ಪನ ಮನೆ ಎರಡನೇ ಬೀದಿಯಲ್ಲಿ. ಮುದುಕನಿಗೆ ಕಿವಿ ಪೂರಾ ಮಂದ. ಜಗಲಿಯ ಮೇಲೆ ಕೂತು ತೆಂಗಿನ ಕಡ್ಡಿ ಹೆರೆದು ಪೊರಕೆ ಕಟ್ಟುತ್ತಿದ್ದ. ಗಿಡ್ಡಮ್ಮ ಅವನ ಕಿವಿಗೇ ಬಾಯಿಟ್ಟು ಕೂಗಿದಳು.

“ಕೆಂಚಣ್ಣಾ! ನಿನ್ ಹಸ ಎಷ್ಟು ತಿಂಗ್ಳು ಗಬ್ಬ ಅಂತ ಅಧ್ಯಕ್ಷ್ರು ಕೇಳುದ್ರು. ಲಾರಿ ಗೀರಿ ತಗುಲುದ್ರೆ ಎರಡು ಜೀವ ಹೋಯ್ತದೆ, ಒಳಕ್ಕೆ ಕಟ್ಟಕ್ ಹೇಳು ಅಂದ್ರು!”

“ಅಷ್ಟೊಂದು ಗ್ಯಾನ ಮಡಗವ್ರಾ?” ಕೆಂಚಪ್ಪನ ಮುಖ ಅರಳಿತು. “ದೊಡ್ಡ ಮನುಸ್ರು ಕಣವ್ವ.” ಎದ್ದು ಹೋಗಿ ಹಸುವನ್ನು ಬಿಚ್ಚಿ ಹಿತ್ತಿಲಿಗೆ ಹೊಡೆದುಕೊಂಡು ಹೋದ. ನಾನು ಪೆನ್ನು ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ. ಸೊಸೆ ಬಂದು ತನ್ನ ಫೋನ್ ನಂಬರು ಬರೆಸಿದಳು.

ರಸ್ತೆಗೆ ಬಂದ ಕೂಡಲೇ ಹಿಡಿದೆ. “ಅಲ್ಲ ಗಿಡ್ಡಮ್ಮ, ಅವರು ಹೇಳಿದ್ದೇನು, ನೀನು ಹೇಳಿದ್ದೇನು?”

“ಹಸ ಒಳಕ್ಕೆ ಹೋಯ್ತೋ ಇಲ್ವೋ?”

“ಹೋಯ್ತು.”

“ಮತ್ತೆ? ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ನಂಗ್ಯಾಕಪ್ಪ ಒದೆ?”

ಆಮೇಲೆ ನಾನು ನಂಬರು ಕೇಳುವುದಕ್ಕಿಂತ ಅವಳನ್ನು ಕೇಳಿದ್ದೇ ಹೆಚ್ಚು. ಹುಟ್ಟಿದ್ದು ಅರಸೀಕೆರೆಯ ಆಚೆ, ಮಾಲೇಕಲ್ಲಿನ ಬುಡದ ಒಂದು ಹಳ್ಳಿಯಲ್ಲಿ. ಕೊಟ್ಟದ್ದು ಹಗರೆಗೆ. ಗಂಡ ಮೋಟರ್ ರಿಪೇರಿ ಮಾಡುತ್ತಿದ್ದವನು, ಈ ಬೋರ್‌ವೆಲ್ಲಿಗೆ ಪಂಪ್ ಇಳಿಸಲು ಬಂದು ಇಲ್ಲೇ ಕೆಲಸಕ್ಕೆ ನಿಂತ. ಮೂರನೇ ವರ್ಷ ಕಾಮಾಲೆಯಾಗಿ ತೀರಿಕೊಂಡ. ಬೇರೆಯವರು ಸಿಗುವವರೆಗೆ ನೀನೇ ನೀರು ಬಿಡು ಎಂದರಂತೆ ಸಂಘದವರು. ಬೇರೆಯವರನ್ನು ಯಾರೂ ಹುಡುಕಲಿಲ್ಲ. ಹತ್ತೊಂಬತ್ತು ವರ್ಷವಾಯಿತು.

“ಹೋಗೋದಾದ್ರೆ ಎಲ್ಲಿಗೆ ಹೋಗ್ತೀಯ?” ಎಂದೆ.

“ಅರಸೀಕೆರೇಲಿ ಮಗಳವ್ಳೆ. ಒಂದೇ ರೂಮಿನ ಮನೆ. ಎರಡು ದಿನ ನೆಂಟ್ಲು, ಮೂರನೇ ದಿನ ಅಳಿಯನ ಕಣ್ಣಿಗೆ ಕಸ.” ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಹದಿನೈದು ಮನೆಗೂ ಒಂದೊಂದು ಕಾರಣವಿತ್ತು. ಒಂದು ಮನೆಯ ಫೋನು ಬೆಳಿಗ್ಗೆಯೇ ಮಗಳ ಜೊತೆ ಬೇಲೂರಿನ ಕಾಲೇಜಿಗೆ ಹೋಗುತ್ತದೆ. ಒಬ್ಬರು ಹೊಲಕ್ಕೆ ಹೋದರೆ ಸಿಗ್ನಲ್ ಇಲ್ಲ. ಇನ್ನೊಬ್ಬರಿಗೆ ಫೋನಿನ ಮಾತು ಎಂದರೆ ಯಾರೋ ಸತ್ತ ಸುದ್ದಿಯೇ ಎಂಬ ದಿಗಿಲು. ಗಿಡ್ಡಮ್ಮನ ನಂಬರು ಕೊಟ್ಟರೆ ಅವಳೇ ಬಾಗಿಲಿಗೆ ಬರುತ್ತಾಳೆ, ಬಂದು ನಿಲ್ಲುತ್ತಾಳೆ, ಎರಡು ಎಲೆ ಹಾಕಿಕೊಳ್ಳುತ್ತಾಳೆ. ಅವಳ ಗುಂಡಿ ಒತ್ತುವ ಫೋನು ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇರುತ್ತಿತ್ತು.

ಜಾನಕಮ್ಮನದು ಮಾತ್ರ ಬೇರೆಯೇ ಕಾರಣ. ಐವತ್ತೈದರ ಗಟ್ಟಿ ಹೆಂಗಸು, ಕಾಂಪೌಂಡಿನ ಸುತ್ತ ಹನ್ನೆರಡು ತೆಂಗು, ಕೈಯಲ್ಲಿ ನನ್ನದಕ್ಕಿಂತ ಒಳ್ಳೆಯ ಫೋನು.

“ನನ್ನ ನಂಬರ್ ಕೊಡಲ್ಲ ಕಣ್ರೀ” ಎಂದರು. “ಆ ಅಧ್ಯಕ್ಷರ ದನಿ ಕೇಳಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಆದ್ರೆ ಗಿಡ್ಡಮ್ಮನ ಕೈಲಿ ಹೇಳಿ ಕಳಿಸ್ತಾರಲ್ಲ, ಆಗ ಎಷ್ಟು ಮರ್ಯಾದೆಯಾಗಿ ಹೇಳಿರ್ತಾರೆ! ನಂಗೆ ಅದೇ ಸಾಕು.”

ನಾನು ಗಿಡ್ಡಮ್ಮನ ಮುಖ ನೋಡಿದೆ. ಅವಳು ಜಾನಕಮ್ಮನ ಮುಖವನ್ನೇ ನೋಡುತ್ತಾ, “ಕೊಡ್ರವ್ವ, ಇಂದಣ್ಣನ ಕೆಲ್ಸ ನಿಂತೋಗ್ಯದೆ” ಎಂದಳು. ಹಾಗೆ ಅವಳೇ ಎಲ್ಲರನ್ನೂ ಒಪ್ಪಿಸಿದಳು. ಮೂರು ದಿನದಲ್ಲಿ ಹದಿನೈದು ನಂಬರೂ ನನ್ನ ಪುಸ್ತಕಕ್ಕೆ ಬಂದವು.

ಕೊನೆಯ ಮನೆ ಮುಗಿದಾಗ ನನಗೆ ತಡೆಯಲಾಗಲಿಲ್ಲ. “ಈ ನಂಬರೆಲ್ಲ ಒಳಗೆ ಹೋದ ದಿನ ನಿನ್ನ ಕೋಣೆ ಹೋಗುತ್ತೆ. ಗೊತ್ತಿದ್ದೂ ನೀನೇ ಕೊಡಿಸ್ತಿದೀಯಲ್ಲ, ನಿಂಗೇನಾಗಿದೆ?” ಎಂದು ಬೈದೆ. ಬೈಯಬೇಕಾದದ್ದು ನನ್ನನ್ನೇ, ಅದು ನನಗೂ ಗೊತ್ತಿತ್ತು.

“ಸಂಘದ ಕೆಲ್ಸ ಅಂತ ಹೇಳವ್ರೆ, ಮಾಡ್ಬೇಕಲ್ವ?” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ಆ ಕಂಪೂಟ್ರು ಮಾತ್ನ ಹೆಂಗೆ ಹೇಳ್ತದಪ್ಪ? ಅವ್ರು ಹೇಳಿದಂಗೇ ಹೇಳ್ಬುಡ್ತದಾ?” ಎಂದು ಕೇಳಿದಳು.

“ಒಂದಕ್ಷರ ಬದಲಾಗಲ್ಲ” ಎಂದೆ.

“ಅಯ್ಯೋ ಶಿವನೇ” ಎಂದಳು.

ಶನಿವಾರ ಸಂಜೆ ಎಂಬತ್ತಾರು ಮನೆಯೂ ಸರಿಯಾಗಿ ಕೂತವು. ಮೋಹನ್‌ಕುಮಾರರಿಗೆ ಸಂದೇಶ ಕಳಿಸುವುದನ್ನು ತೋರಿಸಿಕೊಟ್ಟೆ. ಚಿಕ್ಕ ಮಕ್ಕಳ ಹಾಗೆ ಹಿಗ್ಗಿಹೋದರು. ಭಾನುವಾರ ಬೆಳಿಗ್ಗೆ ಕೆಲಸ ಮುಗಿದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಲ್ಯಾಪ್‌ಟಾಪ್ ಸಮೇತ ಹೋದರೆ, ಅವರ ಜಗಲಿಯಲ್ಲಿ ಆಗಲೇ ಜಾನಕಮ್ಮ ಫೋನ್ ಹಿಡಿದು ನಿಂತಿದ್ದರು. ಗೇಟಿನಾಚೆ ಕೆಂಚಪ್ಪನ ಸೊಸೆ, ಇನ್ನೂ ನಾಲ್ಕೈದು ಜನ. ಗಿಡ್ಡಮ್ಮ ನೀರು ಬಿಟ್ಟು ಬಂದವಳು ಕಂಬದ ಪಕ್ಕ ಇದ್ದಳು.

“ಏನ್ರೀ ಇದು?” ಜಾನಕಮ್ಮ ಓದಿದರು. “‘ನಿಮ್ಮ ತೆಂಗಿನ ಗರಿ ರಸ್ತೆಗೆ ಬೀಳುತ್ತಿದೆ. ಮೂರು ದಿನದೊಳಗೆ ತೆಗೆಸದಿದ್ದರೆ ನೀರು ಬಂದ್.’ ನೀರು ಬಂದ್ ಮಾಡೋಕೆ ಬೋರ್‌ವೆಲ್ ನಿಮ್ಮಪ್ಪಂದಾ?”

“ಅಲ್ಲಮ್ಮ, ಇದೇನು ಹೊಸದಾ? ಹತ್ತು ವರ್ಷದಿಂದ ಇದೇ ಮಾತು ಹೇಳಿ ಕಳಿಸ್ತಿದೀನಿ. ಅವಾಗೆಲ್ಲ ಸುಮ್ನೆ ಗರಿ ತೆಗೆಸ್ತಿದ್ರಿ!”

“ನೀವು ಯಾವತ್ತು ಹಿಂಗೆ ಹೇಳಿದ್ರಿ? ‘ಜಾನಕಮ್ಮೋರ ಮರ ಎಷ್ಟು ಚೆನ್ನಾಗಿ ಹಿಡಿದವೆ, ಒಣಗಿದ ಗರಿ ಮಕ್ಕಳ ತಲೆ ಮೇಲೆ ಬೀಳದಂಗೆ ನೋಡ್ಕೊಳ್ಳಿ’ ಅಂತಲ್ವಾ ಹೇಳ್ತಿದ್ದದ್ದು?”

“ನಾನಾ?”

“ಅಂದ್ರೆ ಹತ್ತು ವರ್ಷದಿಂದ ನನ್ನನ್ನ ಬೈತಾನೇ ಇದ್ರಾ?”

ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿದವು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇಷ್ಟು ವರ್ಷ ಈ ಬಡಾವಣೆ ಕೆಡದೆ ಉಳಿದದ್ದು ಹೇಗೆ ಎಂದು ಆ ಹೊತ್ತಿಗೆ ಅಲ್ಲಿದ್ದವರಿಗೆಲ್ಲ ತಿಳಿಯಿತು. ಅಧ್ಯಕ್ಷರು ಅವಳಿಗೆ ಈಗಿಂದೀಗಲೇ ಗಂಟುಮೂಟೆ ಕಟ್ಟು ಎನ್ನುತ್ತಾರೆ ಎಂದೇ ನಾನು ಅಂದುಕೊಂಡೆ.

ಮೋಹನ್‌ಕುಮಾರ್ ಮೇಜು ಬಡಿಯಲಿಲ್ಲ. “ಜಾನಕಮ್ಮೋರು ಪ್ರತಿ ಸಲ ‘ಅಧ್ಯಕ್ಷರಿಗೆ ನಮಸ್ಕಾರ ಹೇಳು’ ಅಂತ ಕಳಿಸ್ತಾರೆ ಅಂತಿದ್ದೆಯಲ್ಲ ಗಿಡ್ಡಮ್ಮ?” ಎಂದು ಕೇಳಿದರು.

“ನಾನು ಯಾವ ನಮಸ್ಕಾರಾನೂ ಹೇಳಿಲ್ಲ” ಎಂದರು ಜಾನಕಮ್ಮ.

ಗಿಡ್ಡಮ್ಮ ತಲೆ ತಗ್ಗಿಸಿದಳು. ಮೋಹನ್‌ಕುಮಾರ್ ಕುರ್ಚಿಯಲ್ಲಿ ಕೂತರು. ಅವರ ದನಿ ಇಳಿದುಹೋಗಿತ್ತು.

“ಎರಡು ವರ್ಷದ ಹಿಂದೆ ಆಪರೇಷನ್ ಆಗಿ ಮೂರು ತಿಂಗಳು ಮಲಗಿದ್ದೆ. ಈ ಬಾಗಿಲಿಗೆ ಒಬ್ಬರೂ ಬರಲಿಲ್ಲ. ನೀನು ದಿನಾ ಬಂದು ‘ಎಲ್ರೂ ನಿಮ್ಮನ್ನ ಕೇಳ್ತಾವ್ರೆ ಸಾರ್, ಹೆಂಗವ್ರೆ ಅಂತ ಕೇಳ್ತಾವ್ರೆ’ ಅಂತಿದ್ದೆ. ಅದನ್ನ ನಂಬಿಕೊಂಡೇ ಎದ್ದು ಕೂತೆ ಕಣೇ. ಅದೂ ನೀನೇ ಕಟ್ಟಿದ್ದಾ?”

ಗಿಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ನಾನು ಕೇಳ್ತಿದ್ನಲ್ಲ ಸಾರ್” ಎಂದಳು. “ಎಲ್ರುದ್ದೂ ಸೇರ್ಸಿ ನಾನೇ ಕೇಳ್ತಿದ್ದೆ.”

ಜಾನಕಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ಒದ್ದೆಯಾಯಿತು. ಮೋಹನ್‌ಕುಮಾರ್ ನನ್ನ ಕಡೆ ತಿರುಗಿದರು.

“ಆ ಹದಿನೈದು ಮನೇನೂ ಮೊದಲಿದ್ದ ಹಂಗೇ ಇವಳ ನಂಬರಿಗೆ ಹಾಕು.”

“ಸಿಸ್ಟಮ್ಮು ಎಲ್ಲ ಒಂದೇ ಮನೆ ಅನ್ನುತ್ತೆ ಸಾರ್.”

“ಅನ್ನಲಿ ಬಿಡು. ಪ್ಯಾನಲ್ ಬಂದು ನೀರು ಬಿಡ್ಲಿ, ಇವಳು ಪಂಪ್‌ಮನೇಲೇ ಇರ್ತಾಳೆ.” ಒಂದು ಕ್ಷಣ ತಡೆದು, “ನಂದೂ ತೆಗೆದು ಅವಳ ನಂಬರಿಗೇ ಸೇರಿಸು” ಎಂದರು.

ನಾನು ಅಲ್ಲೇ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಒಂದೊಂದೇ ನಂಬರು ಅಳಿಸುತ್ತಾ ಹೋದೆ. ಗಿಡ್ಡಮ್ಮ ಒಳಗೆ ಹೋಗಿ, ಯಾರೂ ಹೇಳದಿದ್ದರೂ, ಜಾನಕಮ್ಮನಿಗೆ ಕೂರಲು ಒಂದು ಕುರ್ಚಿ ತಂದಿಟ್ಟಳು. “ಕೂತ್ಕಬೇಕಂತೆ ಕಣವ್ವ, ಸಾರ್ ಹೇಳುದ್ರು” ಎಂದಳು. ಮೋಹನ್‌ಕುಮಾರ್ ಅವಳನ್ನೊಮ್ಮೆ ನೋಡಿ, “ಹೌದು, ನಾನೇ ಹೇಳಿದ್ದು” ಎಂದರು.