ಗುಡ್ಡ ಹತ್ತದ ಗುಡ್ಡದ ಓಟ

ಭುವನಾ ಕಳಸದ ಖಾಸಗಿ ಹೈಸ್ಕೂಲೊಂದರಲ್ಲಿ ಆಟದ ಟೀಚರ್. ಹುಟ್ಟಿದ್ದು ಮಲ್ಲಂದೂರಿನಲ್ಲಿ. ಕಾಲೇಜಿನಲ್ಲಿದ್ದಾಗ ಗುಡ್ಡಗಾಡು ಓಟದಲ್ಲಿ ಯೂನಿವರ್ಸಿಟಿ ತಂಡಕ್ಕೆ ಓಡಿದವಳು. ಗೊಬ್ಬರದ ಅಂಗಡಿಯ ಹಾಲೇಶನನ್ನು ಮದುವೆಯಾಗಿ ಕಳಸಕ್ಕೆ ಬಂದ ಮೇಲೂ ಬೆಳಿಗ್ಗೆ ಎದ್ದು ಓಡುವ ಅಭ್ಯಾಸ ಬಿಟ್ಟಿರಲಿಲ್ಲ. ಅವಳು ಓಡುವುದನ್ನು ಕಂಡ ಜೀಪಿನವರು ಗಾಡಿ ನಿಲ್ಲಿಸಿ, "ಬಸ್ಸು ತಪ್ತಾ ಟೀಚರ್ರೇ? ಹತ್ತಿ, ಬಿಡ್ತೀನಿ" ಎನ್ನುತ್ತಿದ್ದರು. ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಅತ್ತೆ ಮುದ್ದಮ್ಮನವರದು ಇನ್ನೊಂದು ವಾದ: "ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೆ ಓಡ್ಬೇಕು ಕಣೇ. ಸುಮ್ಸುಮ್ನೆ ಯಾಕೆ ಓಡೋದು?"

ಎರಡು ಸಾವಿರದ ಎರಡನೇ ಇಸವಿ, ಮಳೆಗಾಲ ಮುಗಿದ ಹೊತ್ತು. ಬಾಳೂರಿನ ಬೆಳೆಗಾರರ ಕ್ಲಬ್ಬಿಗೆ ವಾರ್ಷಿಕೋತ್ಸವ ಬಂದಿತ್ತು. ಈ ಸಲ ಹೊಸದೇನಾದರೂ ಮಾಡಬೇಕೆಂದು ಕ್ಲಬ್ಬಿನ ಅಧ್ಯಕ್ಷ ರಾಜೀವ್ ಶಾಲೆಗೇ ಬಂದು ಅವಳನ್ನು ಕೇಳಿದ. ದೊಡ್ಡ ಎಸ್ಟೇಟಿನ ಹುಡುಗ, ಮಾತು ಸಲೀಸು. ಭುವನಾ ಹಿಂದುಮುಂದು ನೋಡದೆ ಹೇಳಿಬಿಟ್ಟಳು: ಬಾಳೂರಿನಿಂದ ಹೊರಟು, ಗಾಳಿಗುಡ್ಡ ಹತ್ತಿ, ಆ ಕಡೆ ಇಳಿದು ಕಳಸ ಮುಟ್ಟುವ ಓಟ. ರಸ್ತೆ ಎಂಬುದೇ ಇಲ್ಲ. ತೋಟ, ಹಳ್ಳ, ಕಾಡು, ಆಮೇಲೆ ಬೋಳು ಹುಲ್ಲುಗಾವಲು.

"ಸೂಪರ್ ಮೇಡಂ! ಇಡೀ ಜಿಲ್ಲೇಲಿ ಯಾರೂ ಮಾಡಿಲ್ಲ. ಪ್ಲಾನ್ ಎಲ್ಲಾ ನಿಮ್ದೇ" ಎಂದ ರಾಜೀವ್.

ಮಲ್ಲಂದೂರು ಬಿಟ್ಟ ಮೇಲೆ ಭುವನಾ ಅಷ್ಟು ಖುಷಿಯಾಗಿದ್ದು ಅದೇ ಮೊದಲು. ಭಾನುವಾರ ಬಂದರೆ ಹಾಲೇಶನನ್ನು ಎಬ್ಬಿಸಿಕೊಂಡು ಗುಡ್ಡಕ್ಕೆ ಹೊರಡುವಳು. ಅವನು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು, ಕಚ್ಚಿ ರಕ್ತ ಹೀರಿದ ಇಂಬಳಗಳನ್ನೆಲ್ಲ ಬೈಯುತ್ತ ಹಿಂದೆ ಬರುವನು. ಹಳ್ಳವನ್ನು ಎಲ್ಲಿ ದಾಟಿದರೆ ಕಾಲು ಜಾರುವುದಿಲ್ಲ, ಕಾಡಿನೊಳಗಿನ ಕಡಿದಾದ ಏರಿಗೆ ಹಗ್ಗ ಕಟ್ಟಲು ಯಾವ ಮರ ಗಟ್ಟಿ, ಯಾರಾದರೂ ಬಿದ್ದರೆ ಜೀಪು ಎಲ್ಲಿಯವರೆಗೆ ಬರಬಲ್ಲದು, ಎಲ್ಲವನ್ನೂ ಅವಳು ನಡೆದು ನೋಡಿದಳು. ದಾರಿ ತಪ್ಪದಿರಲಿ ಎಂದು ತನ್ನ ಹಳೆಯ ಕೆಂಪು ಸೀರೆಯನ್ನು ಹರಿದು, ಗಿಡಗಿಡಕ್ಕೂ ಪಟ್ಟಿ ಕಟ್ಟಿದಳು.

ಮುಂದಿನ ಭಾನುವಾರ ಹೋಗಿ ನೋಡಿದರೆ ಒಂದು ಪಟ್ಟಿಯೂ ಇಲ್ಲ. ತೋಟದಂಚಿನಲ್ಲಿ ಕಳೆ ತೆಗೆಸುತ್ತಿದ್ದ ಮೇಸ್ತ್ರಿ ಭೂತಯ್ಯನನ್ನು ಕೇಳಿದಳು.

"ಓ, ಅದು ನೀವು ಕಟ್ಟಿದ್ದಾ ಅಮ್ಮ?" ಅವನು ತಲೆ ಕೆರೆದುಕೊಂಡ. "ಒತ್ತುವರಿ ಬಿಡಿಸ್ತಾರೆ ಅಂತ ಗಲಾಟೆ ಇದೆಯಲ್ಲ. ಸರ್ವೆಯವ್ರು ಗುರ್ತು ಮಾಡಿ ಹೋಗಿದಾರೆ ಅಂದ್ಕೊಂಡು ಎಲ್ಲಾ ಕಿತ್ತು ಸುಟ್ಟುಬಿಟ್ವಿ."

ಭುವನಾ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಭೂತಯ್ಯನ ತಪ್ಪೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹಾಲೇಶ ಮೆಲ್ಲಗೆ, "ಇನ್ನೊಂದು ಸೀರೆ ಹರಿಯೋಣ ಬಿಡು ಮಾರಾಯ್ತಿ" ಎಂದ. ಅವಳು ನೋಡಿದ ನೋಟಕ್ಕೆ ಅವನು ಬಗ್ಗಿ ಕಾಲಿನ ಇಂಬಳ ಕೀಳತೊಡಗಿದ.

ಸೀರೆಯ ಕಥೆ ಹೋಗಲಿ. ಕ್ಲಬ್ಬಿನ ಸಭೆಯಲ್ಲಿ ಗುಡ್ಡಕ್ಕೇ ಕುತ್ತು ಬಂತು. ಹಾವು ಕಚ್ಚಿದರೆ ಯಾರು ಜವಾಬ್ದಾರಿ ಎಂದು ಒಬ್ಬರು. ಮುಖ್ಯ ಅತಿಥಿಗಳ ಕಾರು ಮೇಲೆ ಹೋಗುವುದಿಲ್ಲವಲ್ಲ ಎಂದು ಇನ್ನೊಬ್ಬರು. ಹೆಂಗಸರು ಮಕ್ಕಳೂ ಓಡುವಂತಿರಬೇಕು ಎಂದು ಮತ್ತೊಬ್ಬರು, ಅದೂ ಹೆಂಗಸಾದ ಅವಳ ಎದುರಿಗೇ. ಕೊನೆಗೆ ರಾಜೀವ್ ಗಂಟಲು ಸರಿಮಾಡಿಕೊಂಡ.

"ಮೇಡಂ, ನಮ್ಮ ಎಸ್ಟೇಟಿನ ಜೀಪ್ ರೋಡಲ್ಲೇ ಒಂದು ಸುತ್ತು ಹಾಕಿಸಿದ್ರೆ ಹೇಗೆ? ವ್ಯೂ ಚೆನ್ನಾಗಿದೆ."

"ಗುಡ್ಡ?"

"ಗುಡ್ಡ ಕಾಣ್ಸುತ್ತಲ್ಲ ಮೇಡಂ."

"ಕಾಣ್ಸೋಕೆ ಓಟ ಯಾಕೆ, ಕುರ್ಚಿ ಹಾಕಿ ಕೂರ್ಸಿ" ಎಂದಳು ಭುವನಾ. ಸಭೆಯಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಅರಣ್ಯದವರು ಲಿಖಿತವಾಗಿ ಒಪ್ಪಿದರೆ ಗುಡ್ಡವೇ ಆಗಲಿ ಎಂದು ಹೇಳಿ ಕಾಫಿ ತರಿಸಿದರು.

ಅರಣ್ಯ ಕಚೇರಿಗೆ ಅವಳು ಹೋದಾಗಲೆಲ್ಲ ಸಾಹೇಬರು ಕಾಡಿಗೆ ಹೋಗಿರುತ್ತಿದ್ದರು. ಕೊನೆಗೊಂದು ದಿನ ಸಿಕ್ಕರು. ಒಳ್ಳೆಯವರೇ, ಕೂರಿಸಿ ಮಾತನಾಡಿಸಿದರು.

"ಚಾರಣಾನಾ?"

"ಅಲ್ಲ ಸಾರ್, ಓಟ."

"ಓಟಕ್ಕೆ ನಮ್ಮಲ್ಲಿ ಪರ್ಮಿಶನ್ ಅಂತ ಇಲ್ಲಮ್ಮ. ನಡ್ಕೊಂಡು ಹೋಗ್ತೀವಿ ಅಂತ ಬರೀರಿ, ಕೊಡ್ತೀನಿ. ಆದ್ರೆ ಓಡ್ಬಾರ್ದು."

ಹಾಗೇ ಬರೆದುಕೊಟ್ಟು ಅನುಮತಿ ಪತ್ರ ತಂದಳು. ಅದನ್ನು ನೋಡಿ ಕ್ಲಬ್ಬಿನವರು, ಓಡಬಾರದೆಂದ ಮೇಲೆ ಓಟ ಹೇಗೆ ಎಂದು ಜೀಪ್ ರೋಡನ್ನೇ ಖಾಯಂ ಮಾಡಿದರು. ಬ್ಯಾನರು ಮಾತ್ರ ಮೊದಲೇ ಅಚ್ಚಾಗಿತ್ತು: 'ಗಾಳಿಗುಡ್ಡದ ಓಟ'.

ಓಟದ ದಿನ ಭುವನಾಳ ಕೈಗೆ ಒಂದು ಸೀಟಿ ಕೊಟ್ಟರು. ಊದಿದಳು. ಜನ ನಗುತ್ತ ಓಡಿದರು, ಅರ್ಧ ದಾರಿಯಲ್ಲಿ ಜೀಪು ಹತ್ತಿದವರೂ ಇದ್ದರು. ರಾಜೀವ್ ಅವಳಿಗೆ ಶಾಲು ಹೊದಿಸಿದ. ಮನೆಗೆ ಬಂದವಳೇ ಅದನ್ನು ಮಂಚದ ಮೇಲೆ ಎಸೆದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುದ್ದಮ್ಮ ಹೊರಗಿನಿಂದ, "ಬಿಸ್ನೀರು ಸಾಕಾ?" ಎಂದು ಕೇಳಿದರು.

ನಡೆಯುವ ಅನುಮತಿಗೆ ಇನ್ನೂ ವಾಯಿದೆ ಇತ್ತು. ಮುಂದಿನ ವಾರ ಹಾಲೇಶನನ್ನು ಹಳ್ಳದ ಹತ್ತಿರ ಕೂರಿಸಿ ಅವಳೊಬ್ಬಳೇ ಗುಡ್ಡಕ್ಕೆ ಹೊರಟಳು. ಕಾಡಿನ ಏರು ಹತ್ತಿದಳು, ಹುಲ್ಲುಗಾವಲು ಮುಟ್ಟಿದಳು. ಅಷ್ಟರಲ್ಲಿ ಮಂಜು ಬಂತು. ಮೊದಲು ಗುಡ್ಡದ ನೆತ್ತಿ ಹೋಯಿತು, ಆಮೇಲೆ ಮುಂದಿನ ಬಂಡೆ, ಕೊನೆಗೆ ಅವಳ ಕಾಲೇ ಅವಳಿಗೆ ಕಾಣದಾಯಿತು. ಆ ಕಡೆ ಕೊರಕಲು ಇರುವುದು ಅವಳಿಗೆ ಗೊತ್ತಿತ್ತು. ಕಾದಳು. ಮಂಜು ಬಿಡಲಿಲ್ಲ. ಹುಲ್ಲನ್ನು ಬುಡಸಮೇತ ಕಿತ್ತೆಸೆದು ಇಳಿಯತೊಡಗಿದಳು.

ಕೆಳಗೆ ಹಾಲೇಶ, "ಇರ್ಲಿ, ಮುಂದಿನ ಸಲ..." ಎನ್ನುವಷ್ಟರಲ್ಲಿ, "ಮುಂದಿನ ಸಲ ಅಂತ ಒಬ್ರೂ ನನ್ ಹತ್ರ ಹೇಳ್ಬೇಡಿ!" ಎಂದು ಕೂಗಿದಳು. ಆಮೇಲೆ ಅವನ ಪಕ್ಕ ಕೂತು ಅವನು ತಂದಿದ್ದ ಕಡುಬನ್ನೆಲ್ಲ ತಾನೇ ತಿಂದಳು.

ಮರುವರ್ಷದ ಚಳಿಗಾಲ, ಮಲ್ಲಂದೂರಿನ ಹಳೆಯ ಗೆಳತಿ ಶಾಲಿನಿಯನ್ನು ಜೊತೆಗೆ ಕರೆದುಕೊಂಡು ಅವಳು ಗುಡ್ಡ ದಾಟಿದಳು. ಪೂರ್ತಿ ಓಡಲಾಗಲಿಲ್ಲ. ಇಳಿಜಾರಿನಲ್ಲಿ ಶಾಲಿನಿಯ ಕಾಲು ಉಳುಕಿ, ಕಳಸದ ಕಡೆಯ ಅರ್ಧ ದಾರಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಕುಂಟಿಕೊಂಡು ಬಂದರು. ಆದರೂ ಮೇಲೆ, ಹುಲ್ಲುಗಾವಲಿನ ಉದ್ದಕ್ಕೂ, ಗಾಳಿಗೆ ಎದುರಾಗಿ ಓಡಿದ್ದಂತೂ ನಿಜ.

ಕ್ಲಬ್ಬಿನವರು ಜೀಪ್ ರೋಡಿನ ಓಟವನ್ನು ಪ್ರತಿವರ್ಷ ನಡೆಸಿದರು, ಅದೇ ಹೆಸರಿನಲ್ಲಿ. ಸೀಟಿ ಊದಲು ಪ್ರತಿವರ್ಷ ಭುವನಾಳನ್ನು ಕರೆದರು. ಅವಳು ಹೋಗಲಿಲ್ಲ.