ಮಸಿ ಹಚ್ಚದೆ ಬಿಟ್ಟ ಸಾಲು

ದೇವಮ್ಮನ ಆಧಾರ್ ನಂಬರನ್ನು ಯಾವ ಕಂಪ್ಯೂಟರೂ ಹೊರಗೆ ಬಿಡಲಿಲ್ಲ. ಆಫೀಸಿನವರೂ ಮಾರಿಕೊಳ್ಳಲಿಲ್ಲ. ನಾನು ಬಿಟ್ಟೆ — ಬೇಕಂತಲೇ ಬಿಟ್ಟೆ. ಊರಿನವರು ಇಷ್ಟು ವರ್ಷ ಏನೇನೋ ಅಂದರು. ನಡೆದದ್ದು ಇಷ್ಟೇ.

ಸುರಪುರದ ಕಡೆಯ ಊರು ನಮ್ಮದು. ಹೊಲಗಳಿಗೆ ಕಾಲುವೆ ನೀರು. ನಾನಾಗ ಪಂಚಾಯಿತಿಯಲ್ಲಿ ಕಸ ಹೊಡೆಯುತ್ತಿದ್ದೆ. ಕಾಲುವೆ ಹೂಳೆತ್ತುವ ಕೆಲಸಕ್ಕೆ ಹೆಸರು ಬಂದವರ ಪಟ್ಟಿಯನ್ನು ಊರಾಚೆಯ ಶಾಲೆಯ ಗೋಡೆಗೆ ಅಂಟಿಸುವುದೂ ನನ್ನ ಕೆಲಸವೇ. ಪ್ರತಿ ಸಾಲಿನಲ್ಲೂ ಹೆಸರು, ಗಂಡನ ಇಲ್ಲವೇ ತಂದೆಯ ಹೆಸರು, ಆಧಾರ್ ನಂಬರು. ಅಂಟಿಸುವ ಮೊದಲು ಕ್ಲರ್ಕ್ ಸಾಹೇಬರು ಒಂದು ದಪ್ಪನೆಯ ಕರಿ ಪೆನ್ನು ಕೊಡುತ್ತಿದ್ದರು.

“ಮೊದಲಿನ ಎಂಟು ಅಂಕಿ ಕಾಣಬಾರ್ದವ್ವ, ಕಡೀ ನಾಕು ಇರ್ಲಿ. ಇದು ನಿಮ್ಮ ಹೆಬ್ಬಟ್ಟು ಇದ್ದಂಗ. ಒಬ್ಬರದು ಇನ್ನೊಬ್ಬರ ಕೈಗೆ ಸಿಗಬಾರ್ದು.”

ನಾನು ಎರಡನೇ ತರಗತಿ ಓದಿದವಳು. ಅಕ್ಷರ ತಡವರಿಸುತ್ತೇನೆ, ಅಂಕಿ ಚೆನ್ನಾಗಿ ಬರುತ್ತದೆ. ಊರಲ್ಲಿ ದೇವಮ್ಮಗಳೇ ಐದು ಮಂದಿ. ಓದು ಬಾರದ ಹೆಂಗಸರು ಆ ಕೊನೆಯ ನಾಲ್ಕು ಅಂಕಿಯಿಂದಲೇ ತಮ್ಮ ಸಾಲು ಹುಡುಕುತ್ತಿದ್ದರು, ನನ್ನ ಕೈಯಿಂದ ಹುಡುಕಿಸುತ್ತಿದ್ದರು. ಯಾವ ಸಾಲು ಯಾರದೆಂದು ನನಗೆ ಬಾಯಿಪಾಠ. ತಿಳಿಯದೆ ಮಾಡಿದೆ ಎನ್ನಲಾರೆ.

ಈ ದೇವಮ್ಮನ ಹೊಲ ಕಾಲುವೆಯ ಮೇಲೆ ನನ್ನ ಹೊಲಕ್ಕಿಂತ ಮೊದಲು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿಯುತ್ತಿದ್ದಳು. ಬಾಯಿ ಮಾತ್ರ ಚೂಪು. ಒಂದು ದಿನ ನಾನು ಹೋಗುವಷ್ಟರಲ್ಲಿ ನನ್ನ ಪಾಳಿಯ ನೀರನ್ನು ತನ್ನ ಭತ್ತಕ್ಕೆ ತಿರುಗಿಸಿಕೊಂಡಿದ್ದಳು. ಕೇಳಿದ್ದಕ್ಕೆ ಹತ್ತು ಹೆಂಗಸರ ಮುಂದೆ ಅಂದಳು:

“ನೀ ಆಫೀಸ್ನಾಗ ಸಾಹೇಬ್ರ ಚಾದ ಕಪ್ಪು ತೊಳದು ಬರೂಮಟ ನೀರು ಕೈಕಟಗೊಂಡು ನಿಂದರ್ತದೇನಬೇ?”

ಎಲ್ಲರೂ ನಕ್ಕರು. ನಗುವಂಥ ಮಾತೇ ಅದು. ನನಗೆ ನಗು ಬರಲಿಲ್ಲ.

ಅದೇ ವಾರ ಪಟ್ಟಿ ಬಂತು. ಒಂದೊಂದೇ ಸಾಲಿಗೆ ಮಸಿ ಹಚ್ಚುತ್ತಾ ಬಂದೆ. ನನ್ನದಕ್ಕೆ ಎರಡು ಸಲ ಹಚ್ಚಿದೆ. ದೇವಮ್ಮನ ಸಾಲು ಬಂದಾಗ ಪೆನ್ನು ಎತ್ತಿದೆ — ಕೆಳಗಿನ ಸಾಲಿಗೆ ಹೋದೆ. ಏನಾಗಲಿ ಅಂತ ಬಿಟ್ಟೆನೋ... ಏನಾದರೂ ಆಗಲಿ ಅಂತ ಬಿಟ್ಟೆ.

ಆಯಿತು. ಯಾರೋ ಆ ಹೆಸರು, ಆ ನಂಬರು ಹಿಡಿದು ಖೋಟಾ ಕಾರ್ಡು ಮಾಡಿಸಿ ಸಿಮ್ ತೆಗೆದುಕೊಂಡ. ಅದರಿಂದ ಶಹಾಪುರದ ಒಬ್ಬ ಟೀಚರಮ್ಮನಿಗೆ ಹೊಲಸು ಫೋನು. ಒಂದು ಸಂಜೆ ಪೊಲೀಸ್ ಠಾಣೆಯ ಜಮಾದಾರ ದೇವಮ್ಮನನ್ನು ಪಂಚಾಯಿತಿಗೆ ಕರೆಸಿದ. ಮೊಬೈಲು ಒತ್ತಲೂ ಬಾರದವಳು. ಸೆರಗು ಹೊದ್ದು ನೆಲದ ಮೇಲೆ ಕೂತಿದ್ದಳು.

“ನಾ ಯಾರಿಗೂ ನಂಬರ್ ಕೊಟ್ಟಿಲ್ರಿ. ಗ್ವಾಡಿ ಮ್ಯಾಲಿಂದ ಯಾರರ ತಗೊಂಡಿರಬೇಕ್ರಿ,” ಅಂದಳು. ನನ್ನ ಕಡೆ ತಿರುಗಿದಳು. “ಯಕ್ಕಾ, ಪಟ್ಟಿ ಹಚ್ಚಾಕಿ ನೀನ ಅಲ್ಲಾ, ನೀನರ ಹೇಳಬೇ.”

ಜಗಳದ ಮೇಲೆ ಅವಳು ನನ್ನನ್ನು ಅಕ್ಕ ಅಂದದ್ದು ಅದೇ ಮೊದಲು.

“ಎಲ್ಲಾರ್ದೂ ಅಳಿಸೀನ್ರಿ,” ಅಂದೆ.

ಜಮಾದಾರ ಅವಳತ್ತ ಬಗ್ಗಿದ. “ಕೇಳಿದ್ಯಾ? ಗ್ವಾಡಿ ಮ್ಯಾಲ ಇಲ್ಲಂದ್ರ ನೀನ ಕೊಟ್ಟಿ. ಯಾರಂವ? ನಾಳಿ ಗ್ವಾಡಿನೂ ನೋಡ್ತೀನಿ, ಆಮ್ಯಾಲ ನೀ ಠಾಣೆಗೆ ಬರಬೇಕು.”

ನಂಬರು ಬಿಟ್ಟದ್ದು ಸಿಟ್ಟಿನಿಂದ. ಈ ಮಾತು ಸಿಟ್ಟಿನದಲ್ಲ — ಕೆಲಸ ಹೋಗುತ್ತದೆಂಬ ಹೆದರಿಕೆಯದು. ಎರಡರಲ್ಲಿ ಇದೇ ದೊಡ್ಡ ತಪ್ಪು. ಬಾಯಲ್ಲಿ ನಿಜವಿದ್ದ ಹೆಂಗಸನ್ನು ಸುಳ್ಳಿ ಮಾಡಿದೆ.

ತಿಂಗಳುಗಟ್ಟಲೆ ಅವಳು ಠಾಣೆಗೆ ಅಲೆದಳು. ಕೊನೆಗೆ ಫೋನು ಮಾಡಿದವನು ಎಲ್ಲೋ ಸಿಕ್ಕಿಬಿದ್ದ. ಪೊಲೀಸರು ಅವಳನ್ನು ಬಿಟ್ಟರು. ಊರು ಬಿಡಲಿಲ್ಲ. “ಯಾರಿಗ್ ಕೊಟ್ಟಿದ್ಯಬೇ ನಂಬರಾ? ಚಂದ ಇದ್ನೇನಂವ?” ಅಂತ ಬಟ್ಟೆ ಒಗೆಯುವಲ್ಲಿ ಕೇಳುತ್ತಿದ್ದರು. ನಾನೂ ಅಲ್ಲೇ ಒಗೆಯುತ್ತಿದ್ದೆ. ಹೊಲ ಪಾಲಿಗೆ ಕೊಟ್ಟು ಅವಳು ರಂಗಂಪೇಟೆಯ ಮಗಳ ಮನೆಗೆ ಹೋದಳು. ಆಮೇಲೆ ನನ್ನ ಪಾಳಿಯ ನೀರನ್ನು ಯಾರೂ ತಿರುಗಿಸಲಿಲ್ಲ. ಬಂದ ನೀರನ್ನು ನಾನು ಬೇಡ ಅನ್ನಲಿಲ್ಲ.

ಇದನ್ನು ಅವಳ ಹೊಸ್ತಿಲಲ್ಲಿ ನಿಂತು ಹೇಳಬೇಕಿತ್ತು. ಕಾಗದದಲ್ಲಿ ಬರೆಸುತ್ತಿದ್ದೇನೆ — ಅದೂ ಇಷ್ಟು ತಡವಾಗಿ...

ಇನ್ನೊಂದು ಉಳಿದಿದೆ. ಆ ಸುಳ್ಳು ಹೇಳಿದ ಮರುದಿನ ಬೆಳಿಗ್ಗೆ, ಜಮಾದಾರ ಬರುವ ಮೊದಲೇ ಶಾಲೆಗೆ ಹೋದೆ. ಹಳೇ ಪಟ್ಟಿ ಕೀಳುವುದೂ ನನ್ನ ಕೆಲಸವೇ, ಯಾರೂ ಅನುಮಾನ ಪಡಲಿಲ್ಲ. ಗೋಡೆಗೆ ನೀರು ಚಿಮುಕಿಸಿ, ಅಂಟು ನೆನೆಸಿ, ಪಟ್ಟಿಯನ್ನು ಚೂರೂ ಉಳಿಯದಂತೆ ಕಿತ್ತೆ. ಅವಳ ಸಾಲಿನಲ್ಲಿ ಹನ್ನೆರಡೂ ಅಂಕಿ ಹಾಗೇ ಇದ್ದವು. ಮಡಚಿ ಸೆರಗಿನೊಳಗಿಟ್ಟು ಮನೆಗೆ ತಂದು ನೀರೊಲೆಗೆ ಹಾಕಿದೆ. ಹಸಿ ಕಾಗದ, ತಡವಾಗಿ ಹತ್ತಿತು. ಆ ಒಲೆಯ ಬಿಸಿನೀರನ್ನೇ ಮೈಮೇಲೆ ಹುಯ್ದುಕೊಂಡು, ತಲೆ ಬಾಚಿ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದೆ.