ಅಪ್ಪನ ಅಧ್ಯಕ್ಷಗಿರಿ ಮತ್ತು ಕರೆಂಟು ಹೋದ ಶುಕ್ರವಾರ

ದೋಹಾದಲ್ಲಿ ಕನ್ನಡ ಮಾತಾಡುವ ಮನೆಗಳೆಲ್ಲ ಒಂದಕ್ಕೊಂದು ಗೊತ್ತಿದ್ದ ಕಾಲವೊಂದಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ವಾರಕ್ಕೆ ಶುಕ್ರವಾರ ಒಂದೇ ರಜೆ. ಬಿನ್ ಮಹಮೂದ್‌ನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಮೆಟ್ಟಿಲು ಹತ್ತುವಾಗ ಮೊದಲು ಮಲಯಾಳಿಗಳ ಮನೆಯ ತೆಂಗಿನೆಣ್ಣೆ ವಾಸನೆ, ಆಮೇಲೆ ಹೈದರಾಬಾದಿನವರ ಮನೆಯ ಹುರಿದ ಈರುಳ್ಳಿ, ಕೊನೆಗೆ ನಮ್ಮಮ್ಮನ ಸಾರಿನ ಇಂಗಿನ ಒಗ್ಗರಣೆ. ಕಣ್ಣು ಮುಚ್ಚಿಕೊಂಡು ಹತ್ತಿದರೂ ಮನೆ ಸಿಗುತ್ತಿತ್ತು.

ಆ ವರ್ಷ ನಾನು ಆರನೇ ಕ್ಲಾಸು, ನಮ್ಮಪ್ಪ ಕನ್ನಡ ಕೂಟದ ಅಧ್ಯಕ್ಷ. ಅಪ್ಪ ಮೈಸೂರಿನವರು, ಕಂಪನಿಯೊಂದರಲ್ಲಿ ಅಕೌಂಟೆಂಟ್. ಬೇರೆ ಯಾರೂ ಒಪ್ಪದೆ ಇದ್ದಾಗ ಅವರನ್ನು ಹಿಡಿದು ಕೂರಿಸಿದ್ದರು. ಕೂಟದ ನಿಯಮಗಳನ್ನು ಬರೆದವರು ವಾಸು ಅಂಕಲ್. ಅವರು ಅಮೆರಿಕದಲ್ಲಿ ಓದಿ ಬಂದಿದ್ದವರು, ಅಲ್ಲಿನ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಅಧ್ಯಕ್ಷನಿಗೆ ಎರಡು ವರ್ಷ. ಒಂದು ವರ್ಷ ಮುಗಿದಾಗ ಸಮಿತಿಯ ಅರ್ಧ ಜನರಿಗೆ ಮತ್ತೆ ಚುನಾವಣೆ. ಅದಕ್ಕೆ ಮಧ್ಯಾವಧಿ ಚುನಾವಣೆ ಅಂತ ಹೆಸರು. ಅದರಲ್ಲಿ ಅಧ್ಯಕ್ಷನ ಕಡೆಯವರು ಸೋತರೆ ಅಧ್ಯಕ್ಷ ಇರುತ್ತಾನೆ, ಅವನ ಮಾತು ನಡೆಯುವುದಿಲ್ಲ.

ಅಪ್ಪ ಅಧ್ಯಕ್ಷರಾದ ಕೆಲವೇ ತಿಂಗಳಲ್ಲಿ ಎರಡು ಕೆಲಸ ಮಾಡಿದರು. ವಾರ್ಷಿಕೋತ್ಸವಕ್ಕೆ ಮುಂಬೈಯಿಂದ ಆರ್ಕೆಸ್ಟ್ರಾ ಕರೆಸುವುದನ್ನು ನಿಲ್ಲಿಸಿದರು. ಶುಕ್ರವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕ್ಲಾಸು ಶುರು ಮಾಡಿದರು. ಮೊದಲನೆಯದಕ್ಕೆ ದೊಡ್ಡವರು ಮುನಿಸಿಕೊಂಡರು, ಎರಡನೆಯದಕ್ಕೆ ಮಕ್ಕಳು. ವಾರವೆಲ್ಲ ಶಾಲೆಗೆ ಹೋಗಿ ಶುಕ್ರವಾರವೂ ಎದ್ದು ಕಾಗುಣಿತ ಬರೆಯಬೇಕೆಂದರೆ ಯಾರಿಗೆ ಹಿತ? ನನ್ನ ಗೆಳತಿ ಶುಭಾ ಶಾಲೆ ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದನ್ನು ಬಿಟ್ಟಳು.

"ಎಲ್ಲಾ ನಿಮ್ಮಪ್ಪನಿಂದ ಕಣೇ," ಅಂದಳು. ಅವಳಪ್ಪ ಪ್ರಭಾಕರ ಅಂಕಲ್ ನಮ್ಮ ಪಕ್ಕದ ಕಟ್ಟಡದಲ್ಲಿದ್ದರು. ಮಧ್ಯಾವಧಿಯಲ್ಲಿ ಅಪ್ಪನ ಕಡೆಯವರ ವಿರುದ್ಧ ನಿಲ್ಲುವವರ ಮುಖಂಡರು ಅವರೇ. ಜಗಳಗಂಟರಲ್ಲ. ಹಾಡೆಂದರೆ ಪ್ರಾಣ, ಅಷ್ಟೇ.

ಆ ಸಲ ಟಿ.ವಿ.ಯ ಇಂಗ್ಲಿಷ್ ವಾರ್ತೆಯಲ್ಲಿ ಅಮೆರಿಕದ ಮಧ್ಯಾವಧಿ ಚುನಾವಣೆಯ ಮಾತು ಬರುತ್ತಿತ್ತು. ಅಧ್ಯಕ್ಷರ ಜನಪ್ರಿಯತೆ ಏರಿತು, ಇಳಿಯಿತು ಅಂತ ಗೆರೆ ಎಳೆದು ತೋರಿಸುತ್ತಿದ್ದರು.

"ನಮ್ಮಪ್ಪನ ಪಾಪ್ಯುಲಾರಿಟಿ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಅಮ್ಮನನ್ನು ಕೇಳಿದೆ.

"ಶುಕ್ರವಾರ ಫೋನು ಎಷ್ಟು ಸಲ ಹೊಡ್ಕೊಳ್ಳುತ್ತೆ ನೋಡ್ಕೋ," ಅಂದಳು ಅಮ್ಮ ಚಪಾತಿ ಲಟ್ಟಿಸುತ್ತಾ.

ಬೇಸಿಗೆಯ ಹೊತ್ತಿಗೆ ಫೋನು ಬಡಿದುಕೊಳ್ಳುವುದು ಬಹುತೇಕ ನಿಂತೇ ಹೋಗಿತ್ತು.

ಕರೆಂಟು ಹೋದದ್ದು ಸೆಪ್ಟೆಂಬರಿನ ಒಂದು ಶುಕ್ರವಾರ. ಶಾಲೆ ಶುರುವಾಗಿತ್ತು, ಸೆಕೆ ಕಡಿಮೆಯಾಗಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಎ.ಸಿ.ಗಳೆಲ್ಲ ಒಟ್ಟಿಗೆ ನಿಂತವು. ಆ ಸದ್ದು ಸದಾ ಇರುತ್ತಿದ್ದುದರಿಂದ ನಿಂತಾಗಲೇ ಅದು ಇತ್ತೆಂದು ಗೊತ್ತಾದದ್ದು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ನಾಳೆವರೆಗೂ ಬರುವುದಿಲ್ಲ ಅಂದರು. ಒಂದು ಗಂಟೆಯೊಳಗೆ ಗೋಡೆ ಮುಟ್ಟಿದರೆ ಬಿಸಿ. ನಲ್ಲಿ ತಿರುಗಿಸಿದರೆ ಕುದಿಯುವ ನೀರು. ಕೆಳಮನೆಯ ಕೂಸು ಅಳುವುದನ್ನು ನಿಲ್ಲಿಸಿ ಸುಮ್ಮನಾಯಿತು. ಅದಕ್ಕೇ ಎಲ್ಲರಿಗೂ ಹೆಚ್ಚು ಹೆದರಿಕೆಯಾಯಿತು.

ಅಪ್ಪನ ಬಳಿ ಒಂದು ಬೀಗದಕೈ ಇತ್ತು. ಅಬು ಹಮೂರ್‌ನ ಹಳೆಯ ವಿಲ್ಲಾವೊಂದರ ನೆಲಮಹಡಿಯ ದೊಡ್ಡ ಹಾಲ್‌ನ ಬಾಗಿಲಿನದು. ಅದರ ಯಜಮಾನರು ಕತಾರಿನ ಒಬ್ಬ ಹಿರಿಯರು, ಅಪ್ಪನ ಕಂಪನಿಗೆ ಪರಿಚಯದವರು. ಮಕ್ಕಳ ಕ್ಲಾಸಿಗೆ, ನಾಟಕದ ಅಭ್ಯಾಸಕ್ಕೆ ಅಂತ ಸುಮ್ಮನೆ ಕೊಟ್ಟಿದ್ದರು. ಕನ್ನಡ ಕ್ಲಾಸಿಗೆ ಬಾಗಿಲು ತೆಗೆಯಲು ಬೇರೆ ಯಾರೂ ಮುಂದೆ ಬರದ್ದರಿಂದ ಬೀಗದಕೈ ಅಪ್ಪನಲ್ಲಿ ಉಳಿದಿತ್ತು. ಅಲ್ಲಿ ಕರೆಂಟು ಇತ್ತು.

"ಯಲ್ಲಾ, ಎಲ್ಲರೂ ಹೊರಡಿ," ಅಂದರು ಅಪ್ಪ, ಅರಬ್ಬರು ನಡೀರಿ ಅನ್ನುವ ಹಾಗೆ. ಇದ್ದ ಕಾರುಗಳಲ್ಲಿ ಚಾಪೆ, ದಿಂಬು, ಕುಕ್ಕರು, ನೀರಿನ ಕ್ಯಾನು ತುಂಬಿಕೊಂಡು ಕನ್ನಡದವರು, ಕೆಳಮನೆಯ ಮಲಯಾಳಿಗಳು, ಹೈದರಾಬಾದಿನವರು ಎಲ್ಲ ಹೋದೆವು. ಪ್ರಭಾಕರ ಅಂಕಲ್ ಮನೆಯವರೂ ಬಂದರು. ಹಾಲಿನ ಗೋಡೆಯ ಎ.ಸಿ.ಗಳು ಲಾರಿಯ ಹಾಗೆ ಗುಡುಗುತ್ತಿದ್ದವು. ನಾವು ಮಕ್ಕಳು ಫ್ರಾಕೆತ್ತಿಕೊಂಡು ಅವುಗಳ ಮುಂದೆ ನಿಂತೆವು.

ಸ್ವಲ್ಪ ಹೊತ್ತಿಗೆ ಹಸನಬ್ಬಾಕ ಬಂದರು. ಅವರು ಮಂಗಳೂರಿನ ಕಡೆಯವರು, ನಮ್ಮ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದಿನ ಬಾಡಿಗೆ ಕೋಣೆಗಳಲ್ಲಿ ಊರ ಕಡೆಯ ಹುಡುಗರು, ಡ್ರೈವರುಗಳು, ವೆಲ್ಡರುಗಳು, ಹತ್ತಿಪ್ಪತ್ತು ಮಂದಿ ಇದ್ದರು. ಅವರನ್ನೆಲ್ಲ ಬ್ಯಾಚುಲರ್‌ಗಳು ಅಂತಲೇ ಕರೆಯುತ್ತಿದ್ದದ್ದು, ಊರಲ್ಲಿ ಹೆಂಡತಿ ಮಕ್ಕಳಿದ್ದವರನ್ನೂ. ಪಿಕಪ್ಪಿನ ಹಿಂದೆ ಅವರೆಲ್ಲ ಬಿಸಿಲಿನಲ್ಲಿ ನಿಂತಿದ್ದರು.

"ಶ್ರೀಕಂಠಣ್ಣ, ಕೋಣೆಯೊಳಗೆ ಒಬ್ಬ ತಲೆ ತಿರುಗಿ ಬಿದ್ದ ಮಾರಾಯ್ರೆ," ಅಂದರು ಹಸನಬ್ಬಾಕ. "ಇವರನ್ನು ನಾನು ಎಲ್ಲಿಗೆ ಕರ್ಕೊಂಡು ಹೋಗುದು?"

ಪ್ರಭಾಕರ ಅಂಕಲ್ ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಹೆಂಗಸರು ಮಕ್ಕಳು ಇರೋ ಜಾಗ ಶ್ರೀಕಂಠ. ಇದು ಫ್ಯಾಮಿಲಿ ಏರಿಯಾ ಬೇರೆ, ಬ್ಯಾಚುಲರ್‌ಗಳು ಇರೋ ಹಾಗಿಲ್ಲ. ಅಕ್ಕಪಕ್ಕದವರು ಏನಂತಾರೆ? ನೀವು ಅಧ್ಯಕ್ಷರು, ಯೋಚನೆ ಮಾಡಿ."

ಅಪ್ಪ ಯೋಚನೆ ಮಾಡಿದ ಹಾಗೆ ನನಗೆ ಕಾಣಲಿಲ್ಲ. "ನಾಟಕದ ಪರದೆ ಇದೆಯಲ್ಲ, ಮಧ್ಯೆ ಎಳೀರಿ," ಅಂದರು. "ಆ ಕಡೆ ಅವರು, ಈ ಕಡೆ ನಾವು."

ಕೆಂಪು ವೆಲ್ವೆಟ್ಟಿನ ಪರದೆ ಹಾಲಿನ ಮಧ್ಯೆ ಬಂತು. ಅದು ದೊಡ್ಡವರನ್ನು ತಡೆಯಿತೇ ಹೊರತು ಮಕ್ಕಳನ್ನಲ್ಲ. ನಾವು ಅದರ ಕೆಳಗೆ ನುಸುಳಿ ಆ ಕಡೆ ಹೋಗಿ ಬರುತ್ತಿದ್ದೆವು. ಆ ಹುಡುಗರು ಮಜ್ಜಿಗೆಯ ಖಾಲಿ ಲೋಟಗಳನ್ನು ಒಂದರ ಮೇಲೊಂದಿಟ್ಟು, ಕಾಲುಚೀಲ ಸುತ್ತಿ ಚೆಂಡು ಮಾಡಿ ನಮಗೆ ಲಗೋರಿ ಆಡಿಸಿದರು. ಉಡುಪಿಯ ಕಡೆಯ ಒಬ್ಬ ವೆಲ್ಡರು, ನನ್ನಷ್ಟೇ ವಯಸ್ಸಿನ ಮಗಳಿದ್ದವನು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಮನೆ ಬರೆದುಕೊಟ್ಟ. ಕವಡೆಗೆ ಹುಣಿಸೆಬೀಜ. ಸಂಜೆ ಪರದೆಯ ಆ ಕಡೆ ಮೀನು ಸಾರು ಕುದಿಯಿತು, ಈ ಕಡೆ ಬಿಸಿಬೇಳೆ ಬಾತು. ಖುಬ್ಬೂಸ್ ರೊಟ್ಟಿಯ ಕಟ್ಟುಗಳು ಎರಡೂ ಕಡೆ ಹೋದವು. ಶುಭಾ ಆ ಸಾರು ನೆಂಚಿಕೊಂಡು ರೊಟ್ಟಿ ತಿಂದು ಬಂದಳು, ಅವಳ ಅಮ್ಮನಿಗೆ ಬಾಯಿಯ ವಾಸನೆಯಿಂದಲೇ ಗೊತ್ತಾಯಿತು. ಬೈಗುಳ ಬೀಳುತ್ತದೆ ಅಂದುಕೊಂಡೆವು. ಆಂಟಿ ನಕ್ಕುಬಿಟ್ಟರು. ತಲೆ ತಿರುಗಿ ಬಿದ್ದಿದ್ದವನು ಎದ್ದು ಕೂತು ಅಮ್ಮ ಕೊಟ್ಟ ನಿಂಬೆ ಶರಬತ್ತು ಕುಡಿಯುತ್ತಿದ್ದ.

ಮರುದಿನ ಮಧ್ಯಾಹ್ನ ಕರೆಂಟು ಬಂತು. ಚಾಪೆ ಸುತ್ತಿಕೊಂಡು ವಾಪಸು ಹೋದೆವು. ಆಮೇಲೆ ನಮ್ಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು.

ಶ್ರೀಕಂಠ ಅವರಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಅಂತ ಎಲ್ಲರೂ ಹೇಳುವವರೇ. ಅಮ್ಮನಿಗೆ ಒಬ್ಬರು ಕೊಬ್ಬರಿ ಮಿಠಾಯಿ, ಇನ್ನೊಬ್ಬರು ಕೋಡುಬಳೆ ಕಳಿಸಿದರು. ಕನ್ನಡ ಕ್ಲಾಸಿನ ಬೆಂಚುಗಳು ತುಂಬಿದವು. ಶುಭಾ ಬಸ್ಸಿನಲ್ಲಿ ಮತ್ತೆ ನನ್ನ ಪಕ್ಕ ಬಂದು ಕೂತಳು. ಪ್ರಭಾಕರ ಅಂಕಲ್ ಕಡೆಯಿಂದ ನಿಲ್ಲಬೇಕಿದ್ದ ಇಬ್ಬರು ಈ ಸಲ ಬೇಡ ಅಂದರಂತೆ. ಅವತ್ತು ಅಪ್ಪನ ಜೇಬಿನಲ್ಲಿ ಬೀಗದಕೈ ಇತ್ತು, ಅಷ್ಟೇ, ಬೇರೇನೂ ಬದಲಾಗಿರಲಿಲ್ಲ. ಅಪ್ಪ ಅದೇ ಅಪ್ಪ, ಆರ್ಕೆಸ್ಟ್ರಾ ಬೇಡ ಅಂದಿದ್ದವರು.

ಅಕ್ಟೋಬರಿನ ಕೊನೆಯಲ್ಲಿ ಹಾಲ್‌ನ ಯಜಮಾನರು ಅಪ್ಪನನ್ನು ಬರಹೇಳಿದರು. ಅಮ್ಮನಿಗೆ ಜ್ವರವಿದ್ದುದರಿಂದ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಅವರ ಮಜ್ಲಿಸಿನಲ್ಲಿ, ಅಂದರೆ ಬಂದವರನ್ನು ಕೂರಿಸುವ ಕೋಣೆಯಲ್ಲಿ, ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು, ನನಗೆ ಖರ್ಜೂರ. ಹಿರಿಯರು ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಅರಬ್ಬಿಯಲ್ಲಿ ಮೆಲ್ಲಗೆ ಮಾತಾಡಿದರು. ಅಕ್ಕಪಕ್ಕದ ಮನೆಯವರು ದೂರು ಕೊಟ್ಟಿದ್ದರು, ಮನೆಮಂದಿ ಇರುವ ಕಡೆ ಬ್ಯಾಚುಲರ್‌ಗಳು ಬಂದು ತಂಗಿದರು ಅಂತ. ಒಂದು ದಾರಿ ಇದೆ ಅಂದರು ಅವರು. ಆ ಹುಡುಗರು ನಿನ್ನನ್ನು ಕೇಳದೆ ನುಗ್ಗಿದರು ಅಂತ ಹೇಳು, ನಾನು ಅಕ್ಕಪಕ್ಕದವರಿಗೆ ಅದನ್ನೇ ಹೇಳಿ ಸಮಾಧಾನ ಮಾಡುತ್ತೇನೆ, ಹಾಲ್ ನಿಮ್ಮಲ್ಲೇ ಇರಲಿ.

ಅಪ್ಪ ಕಾಫಿಯ ಪುಟ್ಟ ಬಟ್ಟಲನ್ನು ಕೆಳಗಿಟ್ಟರು. ಅವರು ನನ್ನನ್ನು ಕೇಳಿಯೇ ಬಂದರು ಸರ್, ನಾನೇ ಬಾಗಿಲು ತೆಗೆದೆ ಅಂದರು.

ಹಿರಿಯರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. "ಖಲಾಸ್," ಅಂದರು, ಮುಗಿಯಿತು ಅನ್ನುವ ಹಾಗೆ ಅಂಗೈ ಉಜ್ಜಿ. ಅಪ್ಪ ಬೀಗದಕೈ ಮೇಜಿನ ಮೇಲಿಟ್ಟರು. ಹೊರಡುವಾಗ ಅವರು ನನ್ನ ಕೈಗೆ ಇನ್ನೊಂದು ಹಿಡಿ ಖರ್ಜೂರ ತುಂಬಿದರು.

ಚುನಾವಣೆಗೆ ಸ್ವಲ್ಪ ದಿನ ಮೊದಲು ಸಭೆ ಸೇರಿತು, ರೆಸ್ಟೊರೆಂಟೊಂದರ ಮಾಳಿಗೆಯಲ್ಲಿ. ಹಾಲ್ ಇಲ್ಲದೆ ವಾರ್ಷಿಕೋತ್ಸವ ಹೇಗೆ, ನಾಟಕ ಎಲ್ಲಿ, ಕ್ಲಾಸು ಎಲ್ಲಿ? ಕೋಡುಬಳೆ ಕಳಿಸಿದವರೇ ಎದ್ದು ಕೇಳಿದರು. ನಾವು ಮಕ್ಕಳು ಹಿಂದಿನ ಮೇಜಿನಲ್ಲಿ ಮಿರಿಂಡಾ ಕುಡಿಯುತ್ತಾ ಕೂತಿದ್ದೆವು.

"ಒಂದು ಮಾತು ಹೇಳಿದ್ದರೆ ಹಾಲ್ ಉಳೀತಿತ್ತಂತೆ," ಅಂದರು ಪ್ರಭಾಕರ ಅಂಕಲ್. ಅವರ ದನಿಯಲ್ಲಿ ಗೆಲುವಿರಲಿಲ್ಲ, ನಿಜವಾಗಿ ಅರ್ಥವಾಗದವರ ದನಿ. "ಯಾಕೆ ಹೇಳಲಿಲ್ಲ ಶ್ರೀಕಂಠ?"

"ಅವರೇ ನುಗ್ಗಿದ್ರು ಅಂತ ಹೇಳಿದ್ರೆ ಪೊಲೀಸರು ಬಂದು ಆ ಹುಡುಗರನ್ನ ಕೇಳ್ತಿದ್ರು, ನಮ್ಮನ್ನಲ್ಲ," ಅಂದರು ಅಪ್ಪ.

"ಹೋಗಲಿ, ಅವರನ್ನ ಬಿಟ್ಟಿದ್ದು ತಪ್ಪಾಯ್ತು ಅಂತ ಇಲ್ಲಿ ಒಂದು ಮಾತು ಹೇಳಿ. ನಾವೆಲ್ಲ ಮರೆತುಬಿಡ್ತೀವಿ."

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಮತ್ತೆ ಕರೆಂಟು ಹೋದ್ರೆ ಮತ್ತೆ ತೆಗೀತೀನಿ," ಅಂದರು. "ಬೀಗದಕೈ ಇದ್ರೆ."

ಯಾರೋ ಒಬ್ಬರು ನಕ್ಕರು. ಮಿಕ್ಕವರು ನಗಲಿಲ್ಲ.

ಮುಂದಿನ ಶುಕ್ರವಾರ ಮತದಾನ ಅಲ್ಲೇ ನಡೆಯಿತು. ಅಪ್ಪನ ಕಡೆಯಿಂದ ನಿಂತವರೆಲ್ಲ ಸೋತರು, ಹಸನಬ್ಬಾಕನೂ ಸೇರಿ. ಪರದೆಯ ಆ ಕಡೆ ಇದ್ದವರಲ್ಲಿ ಕೂಟದ ಸದಸ್ಯರಾಗಿದ್ದವರು ಬೆರಳೆಣಿಕೆ, ಅವರಿಗೂ ಅವತ್ತು ಡ್ಯೂಟಿ. ವಾಸು ಅಂಕಲ್ ಫಲಿತಾಂಶ ಓದುವಾಗ ಹಸನಬ್ಬಾಕ ಅಪ್ಪನ ಪಕ್ಕಕ್ಕೆ ಬಂದು ನಿಂತರು.

"ನಮ್ಮಿಂದಾಗಿ ನಿಮಗೆ ಹೀಗಾಯ್ತಲ್ಲ," ಅಂದರು.

"ಎಂಥದೂ ಇಲ್ಲ ಹಸನಬ್ಬಾಕ," ಅಂದರು ಅಪ್ಪ, ಅವರ ಊರಿನ ಧಾಟಿಯಲ್ಲೇ. ಆಮೇಲೆ ಗೆದ್ದವರೆಲ್ಲರ ಕೈ ಕುಲುಕಿದರು.

ಮನೆಗೆ ಬಂದು ಅಮ್ಮ ತಟ್ಟೆ ಹಾಕಿದಳು. "ಇವತ್ತು ಫೋನಿನ ಕಾಟ ಇಲ್ಲ, ನೆಮ್ಮದಿಯಾಗಿ ಉಣ್ಣಿ," ಅಂದಳು. ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು. ನಾಳೆ ಬಸ್ಸಿನಲ್ಲಿ ಶುಭಾ ಎಲ್ಲಿ ಕೂರುತ್ತಾಳೆ ಅನ್ನುವುದೇ ನನ್ನ ಚಿಂತೆ. ಮರುದಿನ ಅವಳು ನನ್ನ ಪಕ್ಕದಲ್ಲೇ ಕೂತಳು. ತನ್ನ ಡಬ್ಬಿಯಿಂದ ಅರ್ಧ ಚಕ್ಕುಲಿ ಮುರಿದು ಕೊಟ್ಟಳು.

ಅಪ್ಪ ರಾಜೀನಾಮೆ ಕೊಡಲಿಲ್ಲ. ಉಳಿದ ಒಂದು ವರ್ಷ ಪ್ರತಿ ಸಭೆಯಲ್ಲೂ ಮುಂದಿನ ಕುರ್ಚಿಯಲ್ಲಿ ಕೂತು, ತಮಗೆ ಒಪ್ಪಿಗೆಯಿಲ್ಲದ ನಿರ್ಣಯಗಳಿಗೆ ಸಹಿ ಹಾಕಿದರು. ಆರ್ಕೆಸ್ಟ್ರಾ ಬಂತು, ಚೆನ್ನಾಗಿಯೇ ಇತ್ತು, ನಾನೂ ವೇದಿಕೆಯ ಮುಂದೆ ಕುಣಿದೆ. ಕನ್ನಡ ಕ್ಲಾಸು ನಮ್ಮನೆಯ ಹಜಾರಕ್ಕೆ ಬಂತು. ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾದರು. ಕೊನೆಕೊನೆಗೆ ನಾನು ಮತ್ತು ಶುಭಾ ಇಬ್ಬರೇ. ಅವಳನ್ನು ಕಳಿಸುತ್ತಿದ್ದದ್ದು ಪ್ರಭಾಕರ ಅಂಕಲ್, ತಪ್ಪದೆ, ಒಂದು ವಾರವೂ ಬಿಡದೆ. ಅವರು ಬೆಂಗಳೂರಿಗೆ ವರ್ಗವಾಗಿ ಹೋದ ಮೇಲೆ ಕ್ಲಾಸು ನಿಂತಿತು.

ಆ ದಿನಗಳ ಬಗ್ಗೆ ಅಪ್ಪನನ್ನು ನಾನು ಒಮ್ಮೆ ಮಾತ್ರ ಕೇಳಿದ್ದೆ, ಅವರು ನಿವೃತ್ತರಾದ ಮೇಲೆ. ಬೇಜಾರಾಗಿತ್ತಾ ಅಂತ. "ಆ ಮೀನು ಸಾರು ಬಹಳ ಚೆನ್ನಾಗಿತ್ತಂತೆ ಕಣೇ," ಅಂದರು. "ನಾನು ತಿನ್ನದವನು. ವಾಸನೆ ಅಷ್ಟೇ ನನಗೆ ಸಿಕ್ಕಿದ್ದು." ಈಗ ಮತ್ತೆ ಕೇಳೋಣವೆಂದರೆ ಅವರಿಲ್ಲ.

ಕೆಲಸದ ಮೇಲೆ ನಾನು ಮತ್ತೆ ದೋಹಾಕ್ಕೇ ಬಂದಿದ್ದೇನೆ. ಆಫೀಸು ವೆಸ್ಟ್ ಬೇಯಲ್ಲಿ, ಮನೆ ಅಲ್ಲೇ ಹತ್ತಿರದ ಗೋಪುರವೊಂದರ ಎತ್ತರದ ಮಹಡಿಯಲ್ಲಿ. ಅಬು ಹಮೂರ್‌ನಲ್ಲಿ ಆ ವಿಲ್ಲಾ ಇದ್ದ ಕಡೆ ಈಗ ಒಂದೇ ಬಣ್ಣದ ಮನೆಗಳ ಸಾಲು ಎದ್ದಿದೆ. ಕನ್ನಡದವರು ಆಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇದ್ದಾರೆ. ಕರೆಂಟು ಹೋಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಶುಕ್ರವಾರ ನಮ್ಮ ಕಟ್ಟಡದಲ್ಲಿ ಬೆಂಕಿಯ ಗಂಟೆ ಹೊಡೆದುಕೊಂಡಿತು. ಎಲ್ಲ ಮಹಡಿಯವರೂ ಮೆಟ್ಟಿಲಿಳಿದು ಹೊರಗಿನ ಪಾರ್ಕಿಂಗ್‌ಗೆ ಬಂದೆವು. ಬಿಸಿಲು ಸುಡುತ್ತಿತ್ತು. ಅಷ್ಟು ಜನ ಅಲ್ಲಿ ವಾಸವಾಗಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕಾರಿನೊಳಗೆ ಕೂತು, ಗಾಜು ಏರಿಸಿ, ಎ.ಸಿ. ಹಾಕಿಕೊಂಡರು. ನಾನೂ ಕೂತೆ. ಏನೂ ಆಗಿಲ್ಲ, ಒಳಗೆ ಹೋಗಬಹುದು ಅಂತ ಕಾವಲಿನವನು ಬಂದು ಒಂದೊಂದೇ ಗಾಜು ತಟ್ಟಿ ಹೇಳಿದ. ಲಿಫ್ಟಿನಲ್ಲಿ ನಾವು ಹತ್ತು ಮಂದಿ ಮೇಲಕ್ಕೆ ಹೋದೆವು, ಎಲ್ಲರೂ ಬಾಗಿಲ ಕಡೆ ಮುಖ ಮಾಡಿಕೊಂಡು.